ಬಸಲಿಂಗವ್ವನ ಬಾಳೆಹಣ್ಣಿನ ಸೀಕರಣಿ

ಚೊಳಚಗುಡ್ಡದ ಬಸಲಿಂಗವ್ವನ ಹಣೆಯಲ್ಲಿ ದೇವರು ಕೂತಲ್ಲಿ ಕೂರುವುದನ್ನು ಬರೆದೇ ಇಲ್ಲ. ಅಡುಗೆಗೆ ಹೋದ ಮನೆಯಲ್ಲಂತೂ ಕೇಳಲೇಬೇಡಿ. ಬಾದಾಮಿಯಿಂದ ಹುನಗುಂದದವರೆಗೆ ಮದುವೆ, ಬಸುರಿಯರ ಕುಬಸ, ಮನೆಶಾಂತಿ ಎಂದು ಮೂವತ್ತು ವರ್ಷ ಸಿಹಿ ಮಾಡಿದ್ದಾಳೆ. ಮೊದಲ ಪಂಕ್ತಿಯಲ್ಲಿ ನಾಲ್ಕು ಜನ ಅದನ್ನು ಬಾಯಿಗಿಟ್ಟ ಮೇಲೆ ಅವರ ಮುಖ ತಾನು ನೋಡುವ ತನಕ ಒಂದು ಗುಟುಕು ನೀರು ಕುಡಿದವಳಲ್ಲ. ನಮ್ಮ ಕಡೆ ಸಿಹಿ ಮೊದಲು, ಅನ್ನ ಕೊನೆಗೆ. ಹಾಗಾಗಿ ಅವಳ ಪರೀಕ್ಷೆ ಊಟದ ಮೊದಲ ಐದು ನಿಮಿಷದಲ್ಲೇ ಮುಗಿಯುತ್ತಿತ್ತು. "ಹೋಳಿಗಿ ಪಾಸಾದ್ರ ಇಕಿ ನಕ್ಕೋತ ಮನಿಗೆ ಬರ್ತಾಳ. ಇಲ್ಲಾಂದ್ರ ಎಂಟ ದಿನ ನನಗ ಚಹಾ ಇಲ್ಲ" ಎಂದು ಗಂಡ ಸಂಗಯ್ಯ ಕಂಡಕಂಡವರಿಗೆ ಹೇಳುತ್ತಾನೆ.

ಹೋದ ಡಿಸೆಂಬರಿನಲ್ಲಿ ಬಾಗಲಕೋಟೆಯ ವಿದ್ಯಾಗಿರಿಯಿಂದ ನೀಲಾಬಾಯಿ ಫೋನ್ ಮಾಡಿದರು. ನರ್ಸ್ ಕೆಲಸದಿಂದ ನಿವೃತ್ತರಾದರೂ ಎಲ್ಲರ ಬಾಯಲ್ಲಿ ಅವರು ಇಂದಿಗೂ 'ಸಿಸ್ಟರ'. ಬಸಲಿಂಗವ್ವನ ಎರಡನೆಯ ಹೆರಿಗೆಯಲ್ಲಿ ಕೂಸು ಅಡ್ಡ ತಿರುಗಿದಾಗ ರಾತ್ರಿಯಿಡೀ ಪಕ್ಕದಲ್ಲಿ ನಿಂತವರು. ಅವರಿಗೆ ಇಲ್ಲ ಎನ್ನುವುದುಂಟೆ?

"ಕ್ರಿಸ್ಮಸ್ ಊಟಕ್ಕ ಶಮಶಾದಬಿ ಬಿರಿಯಾನಿ ಮಾಡ್ತಾಳ. ಕೇಕ್ ಮುಂಜಾನೆ ಚರ್ಚಿನಿಂದ ಬಂದಕೂಡ್ಲೆ ತೀರ್ತೈತಿ. ಊಟ ಆದಮ್ಯಾಲೆ ಕೊಡಾಕ ನೀ ಒಂದ ಸಿಹಿ ಮಾಡವಾ."

ಊಟ ಆದಮೇಲೆ! ಹೊಟ್ಟೆ ತುಂಬಿದವರ ಮುಂದೆ ಏನು ಇಡುವುದು? ಗೋಧಿ ಹುಗ್ಗಿ ಭಾರ. ಪುಡಿಪುಡಿಯಾದ ಮಾದಲಿ ಗಂಟಲಲ್ಲಿ ಇಳಿಯುವುದಿಲ್ಲ. ಬಿರಿಯಾನಿಯ ಮೇಲೆ ಶೇಂಗಾ ಹೋಳಿಗೆ ಹಾಕಿದರೆ ಮಂದಿ ಅಲ್ಲೇ ಅಡ್ಡಾಗುತ್ತಾರೆ. ಕರದಂಟು ಇಟ್ಟರೆ ಅಂಗಡಿಯಿಂದ ತಂದಳು ಎನ್ನುತ್ತಾರೆ. ಎಂಟು ದಿನ ಇದೇ ಜಪ ಕೇಳಿ ಕೇಳಿ ಸಂಗಯ್ಯ ಬೇಸತ್ತ. "ಒಂದೊಂದ ಬಾಳಿಹಣ್ಣ ಕೊಟ್ಟ ಕಳಿಸ ಅತ್ತಾಗ" ಎಂದ. ಅವಳು ಅದನ್ನೇ ಹಿಡಿದಳು. ಬಾಳೆಹಣ್ಣಿನ ಸೀಕರಣಿ! ಹಣ್ಣು ಕಿವುಚಿ, ತಣ್ಣನೆಯ ಹಾಲು, ಸಕ್ಕರೆ, ಏಲಕ್ಕಿ. ಹಗುರ, ತಂಪು. ಅದಕ್ಕಿರುವುದು ಒಂದೇ ಕಾಟ: ಕಲಸಿದ ಕೂಡಲೇ ಬಡಿಸಬೇಕು, ಇಟ್ಟರೆ ಕಪ್ಪಾಗುತ್ತದೆ.

ಹಬ್ಬದ ದಿನ ಬೆಳಿಗ್ಗೆಯೇ ಎರಡು ಗೊನೆ ಹಣ್ಣಿನೊಂದಿಗೆ ಬಸ್ಸಿಳಿದಳು. ಹಿತ್ತಲಿನಲ್ಲಿ ಶಮಶಾದಬಿ ಆಗಲೇ ಒಲೆ ಹೂಡಿದ್ದಳು. ಬಸಲಿಂಗವ್ವ ಜಂಗಮ ಅಯ್ಯನವರ ಮನೆಯವಳು. ಮಾಂಸದ ಪಾತ್ರೆಯ ಹತ್ತಿರ ಸುಳಿದವಳಲ್ಲ. ಅದು ಗೊತ್ತಿದ್ದೇ ಶಮಶಾದಬಿ ದೂರದ ನುಗ್ಗೆಮರದ ಕೆಳಗೆ ಮಣೆ ಹಾಕಿಟ್ಟಿದ್ದಳು. "ಅಮ್ಮಾರ, ನಿಮ್ಮ ಜಾಗಾ ನಾನ ಕಸಾ ಹೊಡದೀನ್ರಿ" ಎಂದು ನಕ್ಕಳು.

ಒಂದು ಗಂಟೆಗೆ ಒಳಗೆ ತಟ್ಟೆಗಳ ಸಪ್ಪಳವಾಯಿತು. ಅಷ್ಟೇ ಸಾಕಾಯಿತು. ಮೂವತ್ತು ವರ್ಷ ಆ ಸಪ್ಪಳ ಕೇಳಿದೊಡನೆ ಸಿಹಿ ಸಜ್ಜು ಮಾಡಿದ ಕೈ ತಡೆಯುತ್ತದೆಯೆ? ನಲವತ್ತು ಜನರ ಹಣ್ಣು ಕಿವುಚಿ, ಹಾಲು ಹುಯ್ದು, ಸೌಟು ತಿರುವುವಾಗ ನೆನಪಾಯಿತು: ಇಲ್ಲಿ ಸಿಹಿ ಕೊನೆಗೆ! ಹಾಳಾದ ಕೈ ಎಂದು ಹಣೆ ಬಡಿದುಕೊಂಡಳು.

ಒಳಗೆ ಯಾರಿಗೂ ಅವಸರವಿರಲಿಲ್ಲ. ಪ್ರಾರ್ಥನೆ ಆಯಿತು, ಹಾಡು ಆಯಿತು, ಆಮೇಲೆ ಊಟ ಶುರುವಾಯಿತು. ಬಸಲಿಂಗವ್ವ ಕೂತಳು, ಎದ್ದಳು, ಮುಚ್ಚಳ ತೆಗೆದಳು, ಮುಚ್ಚಿದಳು. ಅರ್ಧ ಗಂಟೆಗೆ ಅಂಚಿನಲ್ಲಿ ಕಪ್ಪು ಎಳೆ ಕಂಡಿತು. ಹೆರಿಗೆ ಮಾಡಿಸಿದ ತಾಯಿಯ ಮನೆಯಲ್ಲಿ ಕರಿ ಸೀಕರಣಿ ಬಡಿಸುವುದೆ?

ಬಿರಿಯಾನಿಯ ಮೊದಲ ಬೋಗುಣಿ ಖಾಲಿಯಾಗಿತ್ತು. ಎರಡನೆಯದು ಹಬೆ ಹೋಗದಂತೆ ಬಾಯಿಗೆ ಕಣಕ ಮೆತ್ತಿಸಿಕೊಂಡು ಗೋಣಿಚೀಲದ ಕೆಳಗೆ ಬೆಚ್ಚಗಿತ್ತು. "ಅಮ್ಮಾರ, ನಮಾಜ್ ಮಾಡಿ ಬರ್ತೇನಿ. ಬಂದ ನಾನ ತಗೀತೇನಿ" ಎಂದು ಶಮಶಾದಬಿ ಒಳಗೆ ಹೋದಳು. ಅವಳು ಆ ಕಡೆ ಹೋದಳೋ ಇಲ್ಲವೋ, ಈ ಕಡೆ ನೀಲಾಬಾಯಿ ಖಾಲಿ ಪರಾತ ಹಿಡಿದು ಬಂದರು.

"ಬಿರಿಯಾನಿ ಇನ್ನ ಐತೇನವಾ? ಮಂದಿ ಕೇಳಾಕ ಹತ್ಯಾರ."

"ತೀರೇತ್ರಿ ಸಿಸ್ಟರ."

ಸುಳ್ಳು ತಾನಾಗಿಯೇ ಬಾಯಿಂದ ಜಾರಿತು. ನೀಲಾಬಾಯಿ ನಂಬಿದರು. ಸೀಕರಣಿ ಒಳಗೆ ಹೋಯಿತು. ಕಿಟಕಿಯಿಂದ ನೋಡಿದಳು: ಬಟ್ಟಲು ನೆಕ್ಕುತ್ತಿದ್ದಾರೆ, ಹೊಟ್ಟೆ ತಣ್ಣಗಾಯಿತು ಎನ್ನುತ್ತಿದ್ದಾರೆ, ಇನ್ನೊಂದು ಬಟ್ಟಲು ಕೇಳುತ್ತಿದ್ದಾರೆ. ಮಣೆಗೆ ಮರಳಿ ಚರಿಗೆ ಎತ್ತಿ ನೀರು ಬಾಯಿಗೆ ಹಾಕಿಕೊಳ್ಳುವಾಗ ಶಮಶಾದಬಿ ಹೊರಗೆ ಬಂದಳು. ಬೆನ್ನಿಗೇ ನೀಲಾಬಾಯಿಯ ದನಿ:

"ಇರ್ಲಿ ಬಿಡ ಶಮಶಾದ. ಬಿರಿಯಾನಿ ಕಡಿಮಿ ಬಿದ್ರ ಏನಾತು? ಮಂದೀನ ಜಾಸ್ತಿ ಬಂದ್ರು."

ಶಮಶಾದಬಿ ಗೋಣಿಚೀಲ ನೋಡಿದಳು. ಬಸಲಿಂಗವ್ವನನ್ನು ನೋಡಿದಳು. ಎಷ್ಟು ದಾವತ್ತುಗಳಿಗೆ ಅಡುಗೆ ಮಾಡಿದರೂ ಕಡಿಮೆ ಬಿತ್ತು ಎಂಬ ಮಾತು ಕೇಳದವಳು.

"ಹೌದ್ರಿ ಸಿಸ್ಟರ, ನನ್ನ ಅಳತಿ ತಪ್ಪೇತಿ" ಎಂದಳು.

ಬಸಲಿಂಗವ್ವ ಚರಿಗೆ ಕೆಳಗಿಟ್ಟಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ನೀಲಾಬಾಯಿ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದಳು: "ಯಾಕ ಹಂಗ ಅಂದಿ? ಖರೆ ಹೇಳಬೇಕಿಲ್ಲ?"

ಶಮಶಾದಬಿ ಖಾಲಿ ಬೋಗುಣಿಗೆ ನೀರು ಹುಯ್ಯುತ್ತ, ತಲೆ ಎತ್ತದೆ ಹೇಳಿದಳು: "ಅಮ್ಮಾರು ಸುಳ್ಳ ಹೇಳ್ಯಾರ ಅಂತ ನಾ ಹೇಳಿದ್ರ ಯಾರ ನಂಬ್ತಾರ್ರಿ?"

ಬಸಲಿಂಗವ್ವ ಮಣೆ ಬಿಟ್ಟೆದ್ದು ಹಿತ್ತಲು ದಾಟಿ ನೆಟ್ಟಗೆ ಒಲೆಯ ಹತ್ತಿರ ಬಂದಳು. ಗೋಣಿಚೀಲ ಎಳೆದೊಗೆದಳು. ಬಿಸಿ ಕಣಕವನ್ನು ಬರಿಗೈಯಲ್ಲೇ ಕಿತ್ತಳು. ಮಾಂಸದ ಹಬೆ ಮುಖಕ್ಕೆ ಬಡಿಯಿತು, ಹಿಂದೆ ಸರಿಯಲಿಲ್ಲ.

"ಸಿಸ್ಟರ! ಪರಾತ ತರ್ರಿ! ಬಿರಿಯಾನಿ ತೀರಿಲ್ಲ. ನನ್ನ ಸೀಕರಣಿ ಕಪ್ಪಾಗ್ತೈತಂತ ನಾ ಸುಳ್ಳ ಹೇಳೀನಿ!"

ಕಿಟಕಿಯಲ್ಲಿ ಮುಖಗಳು ತುಂಬಿದವು. "ಕೈ ಸುಡ್ತೈತ್ರಿ ಅಮ್ಮಾರ, ಬಿಡ್ರಿ" ಎಂದು ಶಮಶಾದಬಿ ಅವಳ ರಟ್ಟೆ ಹಿಡಿದು ಎಳೆದಳು. ನೀಲಾಬಾಯಿ ಪರಾತ ಹಿಡಿದು ಎದುರಿಗೆ ಬಂದು ನಿಲ್ಲುವ ತನಕ ಬಸಲಿಂಗವ್ವ ಬೋಗುಣಿ ಬಿಟ್ಟು ಕದಲಲಿಲ್ಲ. ಅವರ ಮುಖ ನೋಡಿಕೊಂಡೇ, ಎಲ್ಲರಿಗೂ ಕೇಳುವ ಹಾಗೆ ಇನ್ನೊಂದು ಮಾತು ಹೇಳಿದಳು:

"ಅಳತಿ ಆಕೀದು ತಪ್ಪಿಲ್ರಿ."