ಜಗಲಿ ಬಿಚ್ಚಿದ ಮೂಗಯ್ಯ

ಭೀಮನಬೀಡಿನಲ್ಲಿ ಕೋಳಿ ಕೂಗುವ ಹೊತ್ತು. ಊರವರು ಹಾಲು ಕರೆಯುವ, ಹೊಲಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದರೆ, ಅರವತ್ತಾರರ ಗಾರೆ ಕೆಲಸದ ಮೂಗಯ್ಯ ತಮ್ಮ ಮನೆ ಮುಂದೆ ಕುಕ್ಕರಗಾಲಲ್ಲಿ ಕೂತು ಸ್ವಂತ ಜಗಲಿಯನ್ನೇ ಬಿಚ್ಚುತ್ತಿದ್ದಾರೆ. ಕೈಯಲ್ಲಿ ಸಣ್ಣ ಉಳಿ, ಸುತ್ತಿಗೆ. ಕಲ್ಲಿನ ಸುತ್ತಲ ಸಿಮೆಂಟು ಮಾತ್ರ ಉದುರಬೇಕು, ಕಲ್ಲಿಗೆ ಗೀರೂ ಬೀಳಬಾರದು. ಒಂದು ಕಲ್ಲಿಗೆ ಮುಕ್ಕಾಲು ಗಂಟೆ, ದಿನಕ್ಕೆ ಮೂರೇ ಕಲ್ಲು. ಬಿಚ್ಚಿದ್ದರ ಮೇಲೆ ಸುಣ್ಣದಲ್ಲಿ ನಂಬರು ಬರೆದು ಗೋಣಿಚೀಲದ ಮೇಲೆ ಮಲಗಿಸುತ್ತಾರೆ. ಇವತ್ತು ಹದಿನೆಂಟನೇ ದಿನ, ಕೊನೆಯ ಕಲ್ಲು. ಐವತ್ತೆರಡನೆಯದು.

"ಎಲೆಮರೆ ಕಾಯಿ ಅಂತ ಬರೀತೀರಂತಲ್ಲ, ಬ್ಯಾಡಿ ಸಾಮಿ" ಎಂದು ಪತ್ರಿಕೆಯವರ ಮುಖವನ್ನೂ ನೋಡದೆ ಹೇಳುತ್ತಾರೆ. "ಎಲೆಮರೆ ಕಳ್ಳ ಅಂತ ಬರೀರಿ. ಸರಿಯಾಗಿರ್ತದೆ."

ಕಳ್ಳತನ ಅಂದರೆ ಏನು ಕಳ್ಳತನ! ಸಾವಿರದ ಒಂಬೈನೂರ ಎಂಬತ್ತಾರು. ಮೂಗಯ್ಯನಿಗೆ ಆಗ ಮೀಸೆ ತಿರುವುವ ವಯಸ್ಸು. ಮದ್ದೂರು ಕಡೆಯ ಕಾಡಿನೊಳಗೆ ಯಾರೋ ಗುತ್ತಿಗೆದಾರನಿಗೆ ಒಂದು ಗೋಡೆ ಕಟ್ಟಿಕೊಡಲು ಹೋಗಿದ್ದರು. ಕೆಲಸ ಮುಗಿದು ಬರುವಾಗ ಮತ್ತಿಮರದ ಬುಡದಲ್ಲಿ ಕಂಡವು ನೋಡಿ, ಹೊಳೆಯಲ್ಲಿ ಉಜ್ಜಿ ತೆಗೆದಂಥ ನುಣುಪಾದ ಕಲ್ಲುಗಳು. ಒಂದರ ಪಕ್ಕ ಒಂದು, ಸಾಲಾಗಿ. ತೆಂಗಿನಕಾಯಿಯಷ್ಟು ಕೆಲವು, ಕುಂಬಳಕಾಯಿಯಷ್ಟು ಕೆಲವು. ಕಟ್ಟುವವನ ಕಣ್ಣಿಗೆ ಅದಕ್ಕಿಂತ ಭಾಗ್ಯ ಉಂಟೆ? "ಯಾರೋ ನಂಗೇ ಅಂತ ಆರಿಸಿಟ್ಟಂಗಿತ್ತು. ಕಾಡಲ್ಲಿರೋ ಕಲ್ಲಿಗೆ ಯಾರಪ್ಪ ವಾರಸುದಾರ ಅಂತ ಟ್ರೇಲರಿಗೆ ತುಂಬ್ಕಬುಟ್ಟೆ." ಆ ಕಲ್ಲಿನಲ್ಲಿ ಜಗಲಿಯ ಮುಂಬದಿ ಎದ್ದಿತು. ಊರೇ ಬಂದು ಭೇಷ್ ಅಂದಿತು. ಮಗಳ ಮದುವೆಯ ಮಾತುಕತೆ ಆದದ್ದು ಅದರ ಮೇಲೆಯೇ.

ಮತ್ತಿಮರದ ಬುಡದ ಆ ಸಾಲು ಸೋಲಿಗರ ಕಲ್ಲುಗುಡಿ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಹೆಸರಿನಲ್ಲಿ ಹೊಳೆಯಿಂದ ಒಂದು ಕಲ್ಲು ಆರಿಸಿ ತಂದು, ಹಿಂದೆ ಸತ್ತವರ ಸಾಲಿಗೆ ಸೇರಿಸುತ್ತಾರೆ. ದೊಡ್ಡವರಿಗೆ ದೊಡ್ಡ ಕಲ್ಲು, ಮಕ್ಕಳಿಗೆ ಸಣ್ಣದು. ಹುಲಿಗೆಂದು ಕಾಡು ಮೀಸಲಾದ ಮೇಲೆ ಆ ಜನರನ್ನು ಕಾಡಂಚಿನ ಹಾಡಿಗೆ ತಂದು ಕೂರಿಸಿದರು. ಸತ್ತವರು ಒಳಗೇ ಉಳಿದರು. ಅಲ್ಲಿಂದ ಹತ್ತು ಹದಿನೈದು ಮೈಲಿಯಲ್ಲಿ ಹುಟ್ಟಿ ಬೆಳೆದ ಮೂಗಯ್ಯನಿಗೆ ಇದರಲ್ಲಿ ಒಂದಕ್ಷರವೂ ಗೊತ್ತಿರಲಿಲ್ಲ. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿದೆ, ಎದೆ ಮುಟ್ಟಿ ಹೇಳಿ.

ಗೊತ್ತಾದದ್ದು ಮೂರು ವರ್ಷದ ಕೆಳಗೆ. ಹಾಡಿಯಲ್ಲಿ ಸರ್ಕಾರಿ ಮನೆಗಳ ಕೆಲಸ ಹಿಡಿದಿದ್ದರು. ಒಂದು ಮಧ್ಯಾಹ್ನ ಕೇತಮ್ಮ ಅನ್ನುವ ಮುದುಕಿ ಬಂದು, "ಬುದ್ಧೀ, ನಿನ್ ತಾವ ಒಂದು ನುಣ್ಣಗಿರೋ ಕಲ್ಲಿದ್ರೆ ಕೊಡು. ನಮ್ ಯಜಮಾನ ಓಗಿ ತಿಂಗಳಾಯ್ತು, ಕಲ್ಲಿಡಬೇಕು" ಅಂದಳು. ಸತ್ತವರಿಗೆಲ್ಲ ಒಂದೊಂದು ಕಲ್ಲು, ಸಾಲಾಗಿ ಇಡುತ್ತೇವೆ ಎಂದು ಅವಳು ವಿವರಿಸಿದ ಮೇಲೆ, ಹಳೇ ಸಾಲಿಗೇ ಇಡಬಾರದೇ ಅಂತ ಮೂಗಯ್ಯ ಕೇಳಿದರು. "ಎಲ್ಲಿದ್ದದು ಸಾಲು? ಮತ್ತಿಮರದ ತಾವ ಇತ್ತು. ಯಾವನೋ ಹೊತ್ಕ ಓಗ್ಬುಟ್ಟ. ಅವನ ಕೈ ಸೇದೋಗ" ಎಂದು ಮುದುಕಿ ನೆಲಕ್ಕೆ ಉಗಿದಳು.

ಮೂಗಯ್ಯ ಬಾಯಿ ಬಿಡಲಿಲ್ಲ. ಅವತ್ತು ಕಟ್ಟಿದ ಗೋಡೆ ಸೊಟ್ಟ ಬಂತು. ನಲವತ್ತು ವರ್ಷದ ಕೆಲಸದಲ್ಲಿ ಅದೇ ಮೊದಲು. ಹನ್ನೊಂದು ತಿಂಗಳು ಹಾಡಿಗೆ ಹೋದರು, ಬಂದರು, ಅವಳು ಒಡೆಯನನ್ನು ಕರೆದಂತೆ "ಬುದ್ಧೀ" ಅಂದಾಗಲೆಲ್ಲ ತಲೆ ಬಗ್ಗಿಸಿ ಗಾರೆ ಕಲೆಸಿದರು. "ಕದ್ದದ್ದು ತಿಳೀದೆ ಸಾಮಿ, ಒಪ್ಕತೀನಿ. ಆ ಹನ್ನೊಂದು ತಿಂಗಳು ತಿಳಿದೂ ತಿಳಿದೂ ಸುಮ್ನಿದ್ನಲ್ಲ, ಅದೇ ನಂಗೆ ಇವತ್ಗೂ ಗಂಟಲಲ್ಲಿ ಸಿಕ್ಕಂಡದೆ."

ಬಾಯಿ ಬಿಡಿಸಿದ್ದು ಕೇತಮ್ಮನ ಮೊಮ್ಮಗಳು ಮಾನಸ. ಡಿಗ್ರಿ ಓದಿದ ಹುಡುಗಿ, ಹಾಡಿಯ ಅರಣ್ಯ ಹಕ್ಕು ಸಮಿತಿಯ ಕಾರ್ಯದರ್ಶಿ. ಕಲ್ಲುಗುಡಿಗೆ ಹೋಗಿಬರುವ, ಅಲ್ಲಿ ಪೂಜೆ ಮಾಡುವ ಹಕ್ಕು ಕೇಳಿ ಹಾಡಿಯವರು ಹಾಕಿದ್ದ ಅರ್ಜಿ ವಾಪಸ್ ಬಂದಿತ್ತು. 'ಸ್ಥಳದಲ್ಲಿ ಯಾವುದೇ ಕುರುಹು ಇಲ್ಲ' ಅಂತ ಷರಾ. ಹಳೆಯ ಸಮಾಧಿ ಇದ್ದರೆ ಅದನ್ನು ಸಾಕ್ಷಿ ಅಂತ ಕಾನೂನೇ ಒಪ್ಪುತ್ತದೆ, ಆದರೆ ಅಲ್ಲಿ ತೋರಿಸಲು ಏನೂ ಉಳಿದಿಲ್ಲ ಎಂದು ಮಾನಸ ಸಭೆಯಲ್ಲಿ ಓದಿ ಹೇಳುತ್ತಿದ್ದರೆ, ಗೋಡೆಯಾಚೆ ನಿಂತು ಕೇಳಿದ ಮೂಗಯ್ಯ ಗಾರೆ ಕರಣೆಯನ್ನು ಕೆಳಗಿಟ್ಟರು. ಸಾಕ್ಷಿ ಅವರ ಮನೆ ಮುಂದೆ ಇತ್ತು. ದಿನಾ ಅದರ ಮೇಲೇ ಕೂರುತ್ತಿದ್ದರು.

ಒಳಗೆ ಹೋಗಿ ಎಲ್ಲರೆದುರು ಹೇಳಿದರು. ಕೇತಮ್ಮ ಹತ್ತಿರ ಬಂದಳು.

"ಅದ್ರ ಮ್ಯಾಲೆ ಕುಂತ್ಕಂಡು ಏನೇನ್ ಮಾಡ್ದೆ?"

"ಎಲೆ ಅಡಿಕೆ ಆಕ್ಕಂಡೆ. ಕಾಲು ತೊಳ್ಕಂಡೆ."

"ಉಗುಳ್ದ್ಯಾ?"

"ಊ ಕಣವ್ವ. ಉಗುಳ್ದೆ."

ಕೇತಮ್ಮ ಬಾಯಿಗೆ ಬಂದಂತೆ ಬೈದಳು. ಹುಟ್ಟಿಸಿದವರಿಂದ ಹಿಡಿದು ಬೈದಳು. "ಬುದ್ಧಿ ಅಂತ ಕರೀವಾಗ ಮೈ ಉರೀತಿತ್ತು. ಬೈದಾಗಲೇ ಉಸುರಾಡಿದ್ದು" ಎನ್ನುತ್ತಾರೆ ಮೂಗಯ್ಯ.

ಆಮೇಲೆ ಶುರುವಾಯಿತು ಮುದಿ ವಯಸ್ಸಿನ ಪಾಠ. ವಾರಕ್ಕೊಂದು ದಿನ ಕೆಲಸ ಬಿಟ್ಟು ಹಾಡಿಗೆ ಹೋಗಿ ನೆಲದ ಮೇಲೆ ಕೂತು ಕೇಳುವುದು. ಯಾವ ಹಳ್ಳಕ್ಕೆ ಏನು ಹೆಸರು, ಯಾರ ಗುಡಿಸಲು ಎಲ್ಲಿತ್ತು, ಹೊರಡಿಸಿದ ದಿನ ಯಾರು ಏನು ಹೊತ್ತು ತಂದರು. "ಕಾಡ್ನಲ್ಲಿದ್ದೋರನ್ನ ತಂದು ಉದ್ಧಾರ ಮಾಡವ್ರೆ ಅಂದ್ಕಂಡಿದ್ದೆ. ಶನಿವಾರ ಶನಿವಾರ ಗೋಪಾಲಸ್ವಾಮಿ ಬೆಟ್ಟಕ್ಕೆ ಓಯ್ತಿದ್ದೆ ನಾನು. ನಮ್ ದೇವ್ರು ಕಾಡೊಳಗಿದ್ರೆ ಬಸ್ಸು ಬುಡ್ತಾರೆ. ಅವ್ರ ದೇವ್ರು ಕಾಡೊಳಗಿದ್ರೆ ಗೇಟು ಆಕ್ತಾರೆ. ಇಷ್ಟು ದಿನ ಇದು ನನ್ ತಲೆಗೇ ಹೊಳೀಲಿಲ್ವಲ್ಲ!"

ಹಾಡಿಯವರು ಮತ್ತೆ ಹಾಕಿದ ಅರ್ಜಿಯನ್ನು ಪರಿಶೀಲಿಸಲು ಅಧಿಕಾರಿಗಳು ಇವತ್ತು ಸ್ಥಳಕ್ಕೆ ಬರುತ್ತಾರೆ. ಕಲ್ಲುಗಳೂ ಇವತ್ತೇ ಹೋಗಬೇಕು, ತೆಗೆದವನು ನಾನೇ ಎಂದು ಮೂಗಯ್ಯ ಬರೆದುಕೊಡಬೇಕು. ಪಕ್ಕದ ಮನೆಯ ರಂಗರಾಜು ಹಲ್ಲುಜ್ಜುತ್ತಾ ಬಂದು, "ಬರೆದ್ಕೊಟ್ರೆ ನಿನ್ ಮ್ಯಾಲೇ ಕೇಸಾಯ್ತದೆ ಕಣ್ಲಾ ಮೂಗ. ಮಾಡ್ದೋರು ಸುಮ್ನವ್ರೆ, ನಿಂಗ್ಯಾಕ್ಲಾ ಊರ ಉಸಾಬರಿ?" ಅನ್ನುತ್ತಾರೆ. "ಮಾಡ್ದೋನು ನಾನೇ ಅಲ್ವೇನ್ಲಾ" ಎಂದು ಮೂಗಯ್ಯ ಕೊನೆಯ ಕಲ್ಲನ್ನು ಮಗುವಿನಂತೆ ಎರಡೂ ಕೈಯಲ್ಲಿ ಎತ್ತಿ ಗೂಡ್ಸ್ ಆಟೋದಲ್ಲಿಡುತ್ತಾರೆ. ಹೆಂಡತಿ ಮಲ್ಲಮ್ಮ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಾರೆ. ಕೇಸಿನ ಹೆದರಿಕೆಯೋ, ಜಗಲಿಯ ಸಂಕಟವೋ, ಎರಡೂ ಇರಬೇಕು.

ನಂಬರಿನ ಗುಟ್ಟು ಕಲ್ಲುಗುಡಿಯ ಜಾಗದಲ್ಲಿ ತಿಳಿಯುತ್ತದೆ. ಟ್ರೇಲರಿಗೆ ಮೊದಲು ಹಾಕಿದ್ದು ಕೊನೆಗೆ ಇಳಿಯುತ್ತದೆ, ಕೊನೆಗೆ ಇಳಿದದ್ದು ಜಗಲಿಯ ಮೇಲುಸಾಲಿಗೆ ಹೋಗುತ್ತದೆ. ಹಾಗಾಗಿ ಮೇಲಿನಿಂದ ಬಿಚ್ಚಿದ ಸರದಿಯೇ ಅಂದು ಎತ್ತಿದ ಸರದಿ. ಮೂಗಯ್ಯ ಮತ್ತಿಮರದ ಮೂಡಲ ಬದಿಯಲ್ಲಿ ತರಗೆಲೆ ಸರಿಸಿ, ಮೆತ್ತಗಿನ ಮಣ್ಣನ್ನು ಬೆರಳಲ್ಲೇ ಕೆದಕುತ್ತಾರೆ. ಗುಳಿ ಸಿಗುತ್ತದೆ. ಒಂದನೇ ನಂಬರಿನ ಕಲ್ಲು ಅದರೊಳಗೆ ಜಾಡಿಗೆ ಮುಚ್ಚಳದಂತೆ ಕೂರುತ್ತದೆ. ಎರಡನೆಯದೂ. ಹತ್ತನೆಯದೂ. ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಕೇತಮ್ಮ ಒಂದೊಂದು ಕಲ್ಲಿಗೂ ಒಂದೊಂದು ಹೆಸರು ಹೇಳುತ್ತಾಳೆ, ಮಾನಸ ಬರೆದುಕೊಳ್ಳುತ್ತಾಳೆ.

"ಕಲ್ಲು ತೆಗೆದವರು ಯಾರು?"

"ನಾನು. ಭೀಮನಬೀಡಿನ ಮೂಗಯ್ಯ."

"ನಾಳೆ ನಿಮಗೇ ನೋಟಿಸ್ ಬರಬಹುದು."

"ಬರ್ಲಿ ಸಾರ್. ಮೊದಲು ಇಲ್ಲಿ ಕಲ್ಲಿತ್ತು ಅಂತ ಬರ್ಕಳಿ."

ಬರೆದುಕೊಳ್ಳುತ್ತಾರೆ. ಮೂಗಯ್ಯ ಸಹಿ ಹಾಕುತ್ತಾರೆ. ಹಕ್ಕು ಸಿಕ್ಕಿತು ಅಂತಲ್ಲ. ಅರ್ಜಿ ಮತ್ತೆ ಮೇಲಕ್ಕೆ ಹೋಗಬೇಕು, ಅಲ್ಲಿ ಎಷ್ಟು ದಿನವೋ. ಆದರೆ ಕುರುಹು ಇಲ್ಲ ಎಂಬ ಮಾತು ಇನ್ನು ನಡೆಯುವುದಿಲ್ಲ.

ಕೇತಮ್ಮನ ಲೆಕ್ಕ ಮಾತ್ರ ಮುಗಿದಿಲ್ಲ. ಕಲ್ಲು ಐವತ್ತೆರಡು, ಅವಳ ನಾಲಿಗೆಯ ಮೇಲೆ ಹೆಸರು ಅರವತ್ತೊಂದು. "ಸಣ್ಣವು ಒಂಬತ್ತು ಎಲ್ಲಿ?"

ಮೂಗಯ್ಯ ಟವೆಲಿನ ಗಂಟೊಂದನ್ನು ತಂದು ಅವಳ ಮುಂದೆ ಬಿಚ್ಚುತ್ತಾರೆ. ತುಂಬಾ ಕಲ್ಲಿನ ಚೂರು. ದೊಡ್ಡ ಕಲ್ಲುಗಳ ಸಂದಿಗೆ ಚಕ್ಕೆ ಬೇಕಲ್ಲ, ಅದಕ್ಕೆ ಗಾರೆಯವರು ಸಣ್ಣ ಕಲ್ಲನ್ನೇ ಒಡೆಯುವುದು. "ಚಿಕ್ಕವು ಕಟ್ಟಕ್ಕೆ ಬರಲ್ಲ ಅಂತ... ಸುತ್ತಿಗೇಲಿ ಒಡೆದು ಸಂದಿಗೆ ಬಡಿದ್ಬುಟ್ಟೆ ಕಣವ್ವ. ಯಾವ ಚೂರು ಯಾವುದರದ್ದು ಅಂತ ನಂಗೂ ತಿಳೀದು." ಆ ಒಂಬತ್ತರಲ್ಲಿ ಒಂದು ಕೇತಮ್ಮನ ಚೊಚ್ಚಲ ಮಗಳದ್ದು.

ಮುದುಕಿ ಈ ಸಲ ಬೈಯುವುದಿಲ್ಲ. ಬಹಳ ಹೊತ್ತು ಚೂರುಗಳನ್ನು ಬೆರಳಲ್ಲಿ ಆಡಿಸುತ್ತಾಳೆ. ಆಮೇಲೆ ಅಷ್ಟನ್ನೂ ಬೊಗಸೆಯಲ್ಲಿ ತುಂಬಿ, ತನ್ನ ಅವ್ವನ ಕಲ್ಲಿನ ಮಗ್ಗುಲಿಗೆ ಒಂದೇ ಗುಡ್ಡೆ ಹಾಕುತ್ತಾಳೆ.

"ಮಕ್ಕಳು ಒಟ್ಟಿಗೇ ಇರ್ಲಿ ಬುಡು. ಆಡ್ಕಂಡಿರ್ತವೆ."

ಅರವತ್ತಾರರ ಮೂಗಯ್ಯ ಟವೆಲಿಗೆ ಮುಖ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಾರೆ.

ಊರಿಗೆ ವಾಪಸ್ ಬಂದಾಗ ಮನೆ ಮುಂದೆ ಬರೀ ಮಣ್ಣಿನ ಗುಂಡಿ. ಬಂದವರು ದಾಟಿಕೊಂಡೇ ಒಳಗೆ ಹೋಗಬೇಕು. ಟೈಲ್ಸ್ ಹಾಕಿ ಹೊಸ ಜಗಲಿ ಕಟ್ಟಿಸೋಣ ಅಂತ ಮಲ್ಲಮ್ಮನ ಆಸೆ. ನಿಮ್ಮ ಆಸೆ ಏನು ಎಂದರೆ ಮೂಗಯ್ಯ ಗುಂಡಿಯ ಅಂಚಿನಲ್ಲಿ ಚಪ್ಪಲಿ ಬಿಡುತ್ತಾ ಹೇಳುತ್ತಾರೆ:

"ನಾನಿರೋಗಂಟ ಇದು ಇಂಗೇ ಇರ್ಲಿ. ಬಂದೋರು ಕಾಲು ಎಡವಿ, ಜಗಲಿ ಏನಾಯ್ತು ಮೂಗಯ್ಯ ಅಂತ ಕೇಳ್ಬೇಕು. ಕೇಳ್ದಾಗೆಲ್ಲ ನಾನು ಯೋಳ್ಬೇಕು."