ಬೀಗದಜ್ಜನ ವೈಫೈ

ಬೀಗದಜ್ಜನ ಮುತ್ತಾತ ಕಳ್ಳರೇ ಕೈಮುಗಿದು ಹಿಂದಿರುಗುವಂಥ ಬೀಗ ಮಾಡಿದವನು. ತಾತ, ಕೀಲಿ ಕಳೆದ ತಿಜೋರಿಯನ್ನು ಬರೀ ಬೆರಳಿನ ಅಂದಾಜಿನಲ್ಲಿ ತೆರೆದವನು. ಆ ವಂಶದ ಅಜ್ಜ ಲ್ಯಾಪ್‌ಟಾಪಿಗೂ ಅಷ್ಟೇ ಭದ್ರತೆ ಬೇಕೆಂದು, ತಾನೇ ಓದಿ ಕಲಿತು, ಸೊಳ್ಳೆಯೂ ನುಸುಳದಷ್ಟು ಬಿಗಿಯಾದ ಲಿನಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಂಡ. ಅಂದಿನಿಂದ ವೈಫೈಯೂ ನುಸುಳುತ್ತಿಲ್ಲ. ಒಳಗಿನ ವೈಫೈ ಅಡಾಪ್ಟರಿನ ಗುರುತೇ ಆ ಲಿನಕ್ಸಿಗೆ ಸಿಗದು. ಗುರುತು ಹಿಡಿಸುವ ಡ್ರೈವರ್ ಎಂಬ ತಂತ್ರಾಂಶ ಇರುವುದು ಇಂಟರ್ನೆಟ್ಟಿನಲ್ಲಿ. ಇಂಟರ್ನೆಟ್ಟಿಗೆ ಹೋಗಲು ಅಡಾಪ್ಟರೇ ಬೇಕು. ಇದೆಲ್ಲಿಯ ನ್ಯಾಯವೆಂದು ಅಜ್ಜ ತಲೆ ಕೆರೆದುಕೊಳ್ಳುತ್ತಾನೆ. ಸ್ಕ್ರೂ ಬಿಚ್ಚಿ ಅಡಾಪ್ಟರನ್ನು ಒರೆಸುತ್ತಾನೆ, ಉಫ್ ಎಂದು ಊದುತ್ತಾನೆ, ಹಳೇ ಚಾಳಿಗೆ ಒಂದು ತೊಟ್ಟು ಎಣ್ಣೆ ಬಿಡಹೋಗಿ ಕೈ ಹಿಂದೆಗೆಯುತ್ತಾನೆ. "ಈ ಅಡಾಪ್ಟರಿಗೆ ಬೆಂಬಲವಿಲ್ಲ" ಎಂದು ಪರದೆ ತೋರಿಸಿದರೆ, "ಬೆಂಬಲಕ್ಕೆ ನಾನಿದೀನಲ್ಲೋ, ನೀನು ಶುರು ಮಾಡು" ಎಂದು ಗದರುತ್ತಾನೆ. "ರೀ, ಅದಕ್ಕೆ ಕಾಲಿದ್ದಿದ್ರೆ ಯಾವತ್ತೋ ಓಡಿಹೋಗ್ತಿತ್ತು" ಎನ್ನುತ್ತಾಳೆ ಅಜ್ಜಿ. ಈ ಸಂಜೆ ದೂರದೂರಿನ ಮಗಳು ತನ್ನ ಹಸುಗೂಸನ್ನು ಮೊದಲ ಸಲ ವಿಡಿಯೋದಲ್ಲಿ ತೋರಿಸುವವಳು. ಅದಕ್ಕೆಂದೇ ಅಜ್ಜ ಬೆಳಗಿನಿಂದಲೂ ಇಸ್ತ್ರಿಯ ಅಂಗಿ ತೊಟ್ಟು, ಇದ್ದ ನಾಲ್ಕು ಕೂದಲು ಬಾಚಿ, ಲ್ಯಾಪ್‌ಟಾಪಿನ ಕ್ಯಾಮೆರಾದ ಎದುರೇ ಕೂತಿದ್ದಾನೆ. ಕರೆ ಬಂದದ್ದು ಅಜ್ಜಿಯ ಫೋನಿಗೆ. "ಬನ್ರೀ, ಇದರಲ್ಲೇ ನೋಡಿ. ಇಲ್ಲಾಂದ್ರೆ ಈ ಫೋನನ್ನೇ ವೈರು ಹಾಕಿ ಅದಕ್ಕೆ ಜೋಡಿಸಿದ್ರೆ ನೆಟ್ ಬರುತ್ತಂತೆ, ಮಗಳು ಹೇಳ್ತಿದಾಳೆ." ಅಜ್ಜ ಕತ್ತು ತಿರುಗಿಸಲಿಲ್ಲ. "ಬೇಡ ಕಣೇ. ಫೋನು ಈ ಕಡೆ ಹಿಡೀಬೇಡ. ಮಗು ಮೊದಲ್ನೇ ಸಲ ನೋಡೋವಾಗ ಅದರಜ್ಜ ಸೋತು ಕೂತಿರಬಾರದು. ನೀನು ಮಾತಾಡು, ಇದನ್ನ ನಾನೇ ಸರಿಮಾಡ್ತೀನಿ. ಮಗು ಏನಾದ್ರೂ ಅತ್ರೆ ಮಾತ್ರ, ಸೌಂಡು ಸ್ವಲ್ಪ ಜೋರು ಮಾಡು."