ಸುಮಿತ್ರತ್ತೆಯ ನಂಬರು

ನಾನು ಐದನೇ ಕ್ಲಾಸು ಮುಗಿಸಿದ ಆ ಬೇಸಿಗೆಯ ಕಾಲಕ್ಕೆ ನಮ್ಮ ಕೊಪ್ಪದಲ್ಲಿ ಇಂಟರ್‌ನೆಟ್ ಎಂಬುದು ಹದಿನಾಲ್ಕು ಮೆಟ್ಟಿಲು ಹತ್ತಿ, ಚಪ್ಪಲಿ ಬಿಟ್ಟು, ಕೈ ತೊಳೆದು ದರ್ಶನ ಪಡೆಯಬೇಕಾದ ವಸ್ತುವಾಗಿತ್ತು. ಈಗ ಅದು ಎಲ್ಲರ ಕಿಸೆಯಲ್ಲೂ ಇದೆ. ಕೈ ತೊಳೆಯುವವರು ಯಾರೂ ಇಲ್ಲ.

ಮೆಟ್ಟಿಲ ಮೇಲಿದ್ದದ್ದು ಖಾದರ್ ಮಾಷ್ಟ್ರ ಟೈಪಿಂಗ್ ಇನ್‌ಸ್ಟಿಟ್ಯೂಟು. ಬಸ್‌ಸ್ಟ್ಯಾಂಡಿನ ಎದುರಿಗೆ, ಬೇಕರಿಯ ನೆತ್ತಿಯ ಮೇಲೆ. ಹಾಗಾಗಿ ನನ್ನ ಪಾಲಿಗೆ ಇಂಟರ್‌ನೆಟ್ಟಿಗೆ ಇವತ್ತಿಗೂ ಬಿಸಿ ಬನ್ನಿನ ಮತ್ತು ಟೈಪ್‌ರೈಟರ್ ಎಣ್ಣೆಯ ವಾಸನೆ. ಆರು ಹಳೆಯ ಟೈಪ್‌ರೈಟರುಗಳ ನಡುವೆ ಹೊಸ ಸೊಸೆಯಂತೆ ಒಂದು ಕಂಪ್ಯೂಟರ್ ಬಂದು ಕೂತಿತ್ತು. ಮಾಷ್ಟ್ರ ಹೆಂಡತಿ ಅದಕ್ಕೆ ನೆರಿಗೆ ಇಟ್ಟ ಹೂವಿನ ಬಟ್ಟೆಯ ಮುಸುಕು ಹೊಲಿದುಕೊಟ್ಟಿದ್ದರು. ಮುಸುಕು ತೆಗೆಯುವ ಅಧಿಕಾರ ಮಾಷ್ಟ್ರಿಗೆ ಮಾತ್ರ.

ರಜೆಯಲ್ಲಿ ಬೀದಿಯ ಮಕ್ಕಳೆಲ್ಲ ಕುಂಟೆಬಿಲ್ಲೆ ಆಡುತ್ತಿರುವಾಗ ನಾನು ಆ ಮೆಟ್ಟಿಲು ಹತ್ತಿದ್ದು ಜ್ಞಾನದಾಹದಿಂದಲ್ಲ, ಸುಮಿತ್ರತ್ತೆಯ ಜೊತೆಗೆ. ಅಪ್ಪನ ತಂಗಿ ಸುಮಿತ್ರತ್ತೆ ನಮ್ಮ ಮನೆಯಲ್ಲೇ ಇದ್ದಳು. ಬೀದಿಯ ಅಂಗನವಾಡಿಯಲ್ಲಿ ಸಹಾಯಕಿ. ಉಪ್ಪಿಟ್ಟು ಕಲಕುವುದು, ಮೂಗು ಒರೆಸುವುದು, ಅತ್ತ ಮಕ್ಕಳನ್ನು ಎತ್ತಿಕೊಳ್ಳುವುದು ಅವಳ ಕೆಲಸ. ಹಾಜರಿ ಕೂಗಿ ಕುರ್ಚಿಯಲ್ಲಿ ಕೂರುವುದು ಟೀಚರ ಕೆಲಸ. ಆ ಟೀಚರು ಅದೇ ವರ್ಷ ನಿವೃತ್ತರಾಗುವವರಿದ್ದರು. ಕುರ್ಚಿ ಅತ್ತೆಗೆ ಸಿಗಬೇಕಾದರೆ ಎಸ್ಸೆಸ್ಸೆಲ್ಸಿ ಆಗಿರಬೇಕು. ಅತ್ತೆಗೂ ಗಣಿತಕ್ಕೂ ಹಳೆಯ ವೈಮನಸ್ಯ. ಎರಡು ಸಲ ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿ ಎರಡು ಸಲವೂ ಹೋಗಿತ್ತು. ಮೂರನೆಯದನ್ನು ಬರೆದಿದ್ದಳು. ಇದೂ ಹೋದರೆ ಕುರ್ಚಿ ಇನ್ಯಾರದ್ದೋ.

ಈ ಸಲ ಫಲಿತಾಂಶ ಇಂಟರ್‌ನೆಟ್ಟಿನಲ್ಲಿ ಬರುತ್ತದೆ ಎಂದು ಕೇಳಿದ್ದೇ ಅವಳು ತೀರ್ಮಾನಿಸಿದಳು.

"ಎರಡು ಸಲ ಬೇರೆಯವ್ರ ಬಾಯಲ್ಲಿ ಕೇಳಿ ಸಾಕಾಯ್ತು. ಈ ಸಲ ನಾನೇ ನೋಡ್ತೆ."

ಖಾದರ್ ಮಾಷ್ಟ್ರ ಬೋಧನಾಕ್ರಮ ಶಾಸ್ತ್ರೋಕ್ತವಾಗಿತ್ತು. ಮೊದಲ ವಾರ ಕಂಪ್ಯೂಟರಿನ ಮುಸುಕನ್ನೇ ತೆಗೆಯಲಿಲ್ಲ. ಕಪ್ಪು ಹಲಗೆಯ ಮೇಲೆ ಬ್ರೌಸರಿನ ಚಿತ್ರ ಬರೆದರು. ಮೇಲೆ ವಿಳಾಸದ ಪಟ್ಟಿ, ಪಕ್ಕದಲ್ಲಿ ಬಾಣಗಳು, ಒಂದು ಪುಟ್ಟ ಮನೆ. ನಾವು ಅದನ್ನು ಪುಸ್ತಕದಲ್ಲಿ ಸ್ಕೇಲು ಹಿಡಿದು ಬರೆದುಕೊಂಡು, ಬಣ್ಣ ಹಚ್ಚಿ, ಬಾಯಿಪಾಠ ಒಪ್ಪಿಸಿದೆವು. ಬ್ಯಾಕ್ ಎಂದರೇನು ಎಂದು ಕೇಳಿದರೆ 'ಬಂದ ದಾರಿಗೆ ಸುಂಕವಿಲ್ಲ' ಎಂದು ಹೇಳಬೇಕು. ವಿಳಾಸದಲ್ಲಿ ಒಂದು ಚುಕ್ಕೆ ಬಿಟ್ಟರೂ ಕಾಗದ ತಲುಪದು. ಪುಟ ಬರುವುದು ತಡವಾದರೆ ಗುಂಡಿಯನ್ನು ಮತ್ತೆ ಮತ್ತೆ ಒತ್ತಬಾರದು. ಬಾಗಿಲು ಬಡಿದ ಮೇಲೆ ಒಳಗಿನವರಿಗೆ ಎದ್ದು ಬರಲು ಹೊತ್ತು ಕೊಡಬೇಕು. ಇಷ್ಟು ಸೊಗಸಾದ ಪಾಠವನ್ನು ನಾನು ಆಮೇಲೆ ಎಲ್ಲೂ ಕೇಳಲಿಲ್ಲ.

ಎರಡನೆಯ ವಾರ ಮುಸುಕು ತೆಗೆದರು. ಆದರೆ ಕೀಲಿಮಣೆಯ ಮೇಲೆ ಟವೆಲು ಹೊದಿಸಿದ್ದರು. ಬೆರಳು ನೋಡಿ ಟೈಪ್ ಮಾಡುವುದು ಮಾಷ್ಟ್ರ ದೃಷ್ಟಿಯಲ್ಲಿ ಎಂಜಲು ಕೈಯಲ್ಲಿ ಬಡಿಸಿದ ಹಾಗೆ. ಟೈಪ್‌ರೈಟರಿನಲ್ಲಿ ಎಲ್ಲ ಪಾಠ ಮುಗಿಸಿ ಅಂಕಿಗಳ ಪಾಠಕ್ಕೆ ಬಂದವರಿಗಷ್ಟೇ ಕಂಪ್ಯೂಟರಿನ ಕೀಲಿ ಮುಟ್ಟುವ ಯೋಗ. ಅತ್ತೆಯ ಕಿರುಬೆರಳಿಗೆ ಮೊದಲನೆಯ ಪಾಠವೇ ದಾಟಲಾಗಿರಲಿಲ್ಲ.

ಫಲಿತಾಂಶದ ದಿನ ಬೆಳಗ್ಗೆ ಅತ್ತೆ ತಿಂಡಿ ತಿನ್ನದೆ ಹೊರಟಳು. ನಾನು ಅವಳ ಪಾಲಿನ ನೀರುದೋಸೆಯನ್ನೂ ತಿಂದು ಹೊರಟೆ. ನಮಗಿಂತ ಮೊದಲೇ ಭಂಡಿಗಡಿಯ ತಿಮ್ಮಪ್ಪಗೌಡರು ಬಂದು ಕೂತಿದ್ದರು. ಮಗಳ ನಂಬರನ್ನು ಚೀಟಿಯಲ್ಲಿ ಬರೆದು ತಂದಿದ್ದರು. ಮಾಷ್ಟ್ರು ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಂಡರು. ಮೋಡೆಮ್ಮು ತಗಡಿನ ಮೇಲೆ ಕೋಳಿ ಗೀರಿದಂತೆ ಕೂಗಿ ಸುಮ್ಮನಾಯಿತು. ಮಾಷ್ಟ್ರು ಟವೆಲಿನ ಅಡಿಗೆ ಕೈ ತೂರಿಸಿ, ಕಣ್ಣನ್ನು ಚೀಟಿಯ ಮೇಲಿಟ್ಟು, ಪಿಯಾನೋ ನುಡಿಸುವವರಂತೆ ನಂಬರು ಹೊಡೆದರು. ಬಹಳ ಹೊತ್ತಿನ ಮೇಲೆ ಉತ್ತರ ಬಂತು: ಅಂಥ ನಂಬರು ಇಲ್ಲ.

ಆಗಿನವರಿಗೆ ಇದರ ಅರ್ಥ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಪತ್ರಿಕೆಯಲ್ಲಿ ಪಾಸಾದವರ ನಂಬರು ಮಾತ್ರ ಅಚ್ಚಾಗುತ್ತಿದ್ದ ಕಾಲವನ್ನು ಕಂಡವರು. ನಂಬರು ಇಲ್ಲವೆಂದರೆ ಇಲ್ಲ. ಗೌಡರು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಬರ್ತೆ ಮಾಷ್ಟ್ರೆ ಎಂದು ಇಳಿದು ಹೋದರು. ಅವರು ಕೆಳಗಿನ ಬೂತಿನಿಂದ ಊರಿನ ತಮ್ಮ ಪಕ್ಕದ ಮನೆಗೆ ಫೋನು ಮಾಡುವುದು ಕಿಟಕಿಯಿಂದ ಕಾಣುತ್ತಿತ್ತು.

ನಂತರ ಅತ್ತೆಯ ನಂಬರು. ಅದೇ ಟವೆಲು, ಅದೇ ಬೆರಳು, ಅದೇ ಉತ್ತರ. ಮಾಷ್ಟ್ರು ಎರಡನೆಯ ಸಲ ಹೊಡೆದರು. ಇಲ್ಲ. ಕುರ್ಚಿ ಹಿಂದೆ ಸರಿಸಿ ಕನ್ನಡಕ ಒರೆಸತೊಡಗಿದರು. ಅತ್ತೆ ಅಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಳು.

"ನಾನು ಒಂದ್ಸಲ ಹೊಡೀತೆ, ಮಾಷ್ಟ್ರೆ."

"ಅಂಕಿ ಪಾಠ ಇನ್ನೂ ಆಗ್ಲಿಲ್ಲ ಮಾರಾಯ್ತಿ ನಿಂಗೆ."

"ಫೇಲಾದ್ರೂ ನನ್ನ ಕೈಯಲ್ಲೇ ಆಗ್ಲಿ."

ಹೇಳಿದವಳೇ ಟವೆಲನ್ನು ಎಳೆದು ನನ್ನ ಕೈಗೆ ಕೊಟ್ಟಳು. ಒಂದೇ ತೋರುಬೆರಳಿನಲ್ಲಿ, ಅಕ್ಕಿಯಲ್ಲಿ ಕಲ್ಲು ಹುಡುಕಿದಂತೆ, ಒಂದೊಂದೇ ಅಂಕಿ ಹುಡುಕಿ ಒತ್ತತೊಡಗಿದಳು. ಬೆರಳು ಮೇಲಿನ ಸಾಲಿನ ಎಡತುದಿಗೆ ಹೋದಾಗ ಮಾಷ್ಟ್ರು ತಡೆದರು. ಅಲ್ಲಲ್ಲ, ಒಂದಕ್ಕೆ ಬಲಗಡೆಯ ಎಲ್ ಅಕ್ಷರ ಹೊಡೆಯಬೇಕು ಎಂದರು. ಅವರ ಟೈಪ್‌ರೈಟರುಗಳಲ್ಲಿ ಒಂದು ಎಂಬ ಅಂಕಿಗೆ ಬೇರೆ ಕೀಲಿಯೇ ಇರಲಿಲ್ಲ. ನೋಡಲು ಎರಡೂ ಒಂದೇ ತರಹದ ಕೋಲು, ಹಾಗಾಗಿ ಸಣ್ಣ ಎಲ್ ಅನ್ನೇ ಒಂದು ಎಂದು ಹೊಡೆಯುವುದು ಅಲ್ಲಿನ ಸಂಪ್ರದಾಯ. ಮೂವತ್ತು ವರ್ಷದಿಂದ ಕೊಪ್ಪದ ಅರ್ಧ ಊರಿಗೆ ಅವರೇ ಅದನ್ನು ಕಲಿಸಿದ್ದರು.

"ಇಲ್ಲಿ ಒಂದು ಅಂತ ಬರ್ದಿಟ್ಟಿದಾರಲ್ಲ" ಎಂದು ಅತ್ತೆ ಅದನ್ನೇ ಒತ್ತಿದಳು.

ಪುಟ ಸಾಲು ಸಾಲಾಗಿ ಇಳಿಯಿತು. ಮೊದಲು ಅವಳ ಹೆಸರು. ಆಮೇಲೆ ಕನ್ನಡ, ಸಮಾಜ, ವಿಜ್ಞಾನ. ಕಟ್ಟಕಡೆಗೆ ಗಣಿತ, ಮೂವತ್ತೇಳು. ಅತ್ತೆ ತೆರೆಯ ಮೇಲೆ ಬೆರಳಿಟ್ಟು ಆ ಮೂವತ್ತೇಳನ್ನು ಮುಟ್ಟಿ ನೋಡಿದಳು. ನನಗೆ ಕುಣಿಯಬೇಕೆನ್ನಿಸಿತು. ಆದರೆ ಮಾಷ್ಟ್ರ ಮುಖ ನೋಡಿ ಸುಮ್ಮನಾದೆ. ಅವರು ರಿಜಿಸ್ಟರಿನಲ್ಲಿ ಗೌಡರ ಮಗಳ ನಂಬರು ನೋಡುತ್ತಿದ್ದರು. ಅದರಲ್ಲಿ ಎರಡು ಒಂದುಗಳಿದ್ದವು; ಎರಡನ್ನೂ ಅವರು ಎಲ್ ಎಂದೇ ಹೊಡೆದಿದ್ದರು.

ಅದನ್ನೂ ಅತ್ತೆಯೇ ಹೊಡೆದಳು. ಮಾಷ್ಟ್ರು ಅಂಕಿಗಳನ್ನು ಓದಿ ಹೇಳಿದರು. ಹುಡುಗಿ ಫಸ್ಟ್ ಕ್ಲಾಸು.

ಮಾಷ್ಟ್ರು ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದರು. ಭಂಡಿಗಡಿಯ ಬಸ್ಸು ಹಿಂದೆ ಸರಿಯುತ್ತಿತ್ತು. ಅಡ್ಡ ನಿಂತು ನಿಲ್ಲಿಸಿ, ಫುಟ್‌ಬೋರ್ಡಿನ ಮೇಲೆ ಹತ್ತಿ, ಬಸ್ಸು ತುಂಬ ಜನರ ಎದುರು ಹೇಳಿದರು.

"ಗೌಡ್ರೆ, ಮಗಳು ಪಾಸು. ಫಸ್ಟ್ ಕ್ಲಾಸು. ತಪ್ಪು ನಂದು."

ಗೌಡರು ಎದ್ದು ನಿಂತು, ಮನೆಗೆ ಆಗಲೇ ಫೋನಲ್ಲಿ ತಿಳಿಸಿಯಾಯಿತಲ್ಲ ಎಂದರು. ಹುಡುಗಿ ಕೇಳಿಯಾಗಿರುತ್ತದೆ. ಇನ್ನೊಂದು ಫೋನು ಮಾಡಬಹುದಿತ್ತು. ಕಂಡಕ್ಟರನೂ ಅದನ್ನೇ ಹೇಳಿದ. ಫೋನು ಮಾತ್ರ ಸಾಲದು ಎಂದರು ಮಾಷ್ಟ್ರು.

"ಅಳಿಸಿದವ್ನು ನಾನು. ನಾನೇ ಬಂದು ಹೇಳ್ಬೇಕು. ಬಿಡಿ ಬಸ್ಸು."

ಬೂತಿಗೆ ಓಡಿ ಮೊದಲು ಗೌಡರ ಪಕ್ಕದ ಮನೆಗೆ ಒಂದು ಫೋನು ಮಾಡುವಂತೆ ಕಿಟಕಿಯಲ್ಲಿ ನಿಂತಿದ್ದ ಅತ್ತೆಗೆ ಸನ್ನೆ ಮಾಡಿ, ಬರಿಗಾಲಲ್ಲೇ ಹೋದರು. ಅತ್ತೆ ಬೂತಿನವರಲ್ಲಿ ನಂಬರು ಕೇಳಿ ಫೋನು ಮಾಡಿ ಬಂದು ಮಾಷ್ಟ್ರ ಕುರ್ಚಿಯಲ್ಲಿ ಕೂತಳು. ಮಧ್ಯಾಹ್ನದವರೆಗೆ ಹರಿಹರಪುರ, ಜಯಪುರ, ಎಲ್ಲೆಲ್ಲಿಂದಲೋ ಜನ ಮೆಟ್ಟಿಲು ಹತ್ತಿದರು. ಒಬ್ಬರ ನಂಬರನ್ನೂ ಅವಳು ಹೊಡೆಯಲಿಲ್ಲ. ಅವರವರ ಬೆರಳು ಹಿಡಿದು ಅವರವರ ನಂಬರು ಅವರಿಂದಲೇ ಒತ್ತಿಸಿದಳು. ಸಂಜೆ ಮಾಷ್ಟ್ರು ಒಂದು ಹಲಸಿನ ಹಣ್ಣು ಹೊತ್ತು ವಾಪಸು ಬಂದರು. ಹುಡುಗಿ ಮೊದಲು ಬೈದಳಂತೆ, ಆಮೇಲೆ ಕಾಫಿ ಕೊಟ್ಟಳಂತೆ. ಎರಡೂ ನ್ಯಾಯವೇ ಎಂದರು.

ಈಗ ಮಾಷ್ಟ್ರಿಲ್ಲ. ಸುಮಿತ್ರತ್ತೆ ಅಂಗನವಾಡಿಯ ಆ ಕುರ್ಚಿಯಲ್ಲಿ ಕೂತು ಊರಿನ ಎರಡು ತಲೆಮಾರಿಗೆ ಹಾಜರಿ ಕೂಗಿಯಾಯಿತು. ನಾವೆಲ್ಲ ಚೆನ್ನಾಗಿಯೇ ಇದ್ದೇವೆ. ಮೊನ್ನೆ ಅವಳು ಫೋನಿನಲ್ಲಿ ಎಂತದೋ ಫಾರಂ ತುಂಬುತ್ತಿದ್ದಳು. ಎಲ್ಲ ಸರಿಯಾಗಿಯೇ ತುಂಬಿದ್ದಳು, ನಾನೂ ನೋಡಿದೆ. ಆದರೂ ಅದು ಮೂರು ಸಲ 'ಮತ್ತೆ ಪ್ರಯತ್ನಿಸಿ' ಎಂದಿತು. ಅತ್ತೆ ಕನ್ನಡಕ ಮೇಲೇರಿಸಿ ನನ್ನ ಕಡೆ ತಿರುಗಿದಳು.

"ಕೂಸೆ, ತಪ್ಪು ಯಾರದ್ದು ಅಂತ ಇದ್ರಲ್ಲಿ ಎಲ್ಲಿ ಬರೀತಾರೆ?"

ನಾನು ತೆರೆಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಹುಡುಕಿದೆ.